ಅಪಾರ್ಟ್‌ಮೆಂಟ್‌ನಲ್ಲಿ ರಾಟ್‌ವೈಲರ್ ನಾಯಿ ಸಾಕಬಾರದು ಅಂತ ನೋಟಿಸ್ ಬಂದಿದೆ, ಆ 23 ತಳಿಗಳ ನಿಷೇಧ ಈಗ ಜಾರಿಯಲ್ಲಿದೆಯಾ?

ಕರಿಯನ ಮನೆಯವರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ಇರುವುದು ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ, ಸ್ವಂತ ಮನೆ. ನಮ್ಮ ಹತ್ತಿರ ಗಂಡು ರಾಟ್‌ವೈಲರ್ ಇದೆ, ಹೆಸರು ಕರಿಯ. ಮರಿ ಇದ್ದಾಗ ತಂದದ್ದು, ಈಗ ಮೂರು ವರ್ಷ. ಲೈಸೆನ್ಸ್ ಮಾಡಿಸಿದ್ದೇವೆ, ರೇಬೀಸ್ ಇಂಜೆಕ್ಷನ್ ಕಾರ್ಡ್ ಸರಿಯಾಗಿದೆ. ಇದುವರೆಗೆ ಯಾರನ್ನೂ ಕಚ್ಚಿಲ್ಲ. ಆದರೆ ಆಳು ದೊಡ್ಡವನು, ನಲವತ್ತೈದು ಕೆಜಿ ತೂಗುತ್ತಾನೆ, ಬೊಗಳಿದರೆ ಕೆಳಗಿನ ಎರಡು ಮಹಡಿಗೂ ಕೇಳಿಸುತ್ತದೆ, ಲಿಫ್ಟಿನ ಬಾಗಿಲು ತೆರೆದ ಕೂಡಲೇ ಎದುರಿಗೆ ಇವನು ನಿಂತಿದ್ದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅವರ ಭಯ ನನಗೆ ಅರ್ಥವಾಗುತ್ತದೆ.

ಹೋದ ವಾರ ಅಸೋಸಿಯೇಷನ್‌ನಿಂದ ನೋಟಿಸ್ ಬಂತು. ಕೇಂದ್ರ ಸರ್ಕಾರ 23 ಅಪಾಯಕಾರಿ ತಳಿಗಳನ್ನು ನಿಷೇಧಿಸಿದೆ, ನಿಮ್ಮ ನಾಯಿ ಆ ಪಟ್ಟಿಯಲ್ಲಿದೆ, ಹದಿನೈದು ದಿನದಲ್ಲಿ ಬೇರೆ ಕಡೆಗೆ ಸಾಗಿಸಿ, ಇಲ್ಲದಿದ್ದರೆ ದಿನಾ ದಂಡ ಹಾಕುತ್ತೇವೆ ಅಂತ ಬರೆದಿದ್ದಾರೆ. ಜೊತೆಗೆ ಸುತ್ತೋಲೆಯ ಒಂದು ಫೋಟೊ. ಅತ್ತೆಯವರು 'ಸುಮ್ನೆ ಯಾಕೆ ಜಗಳ, ಕುಣಿಗಲ್ ತೋಟಕ್ಕೆ ಕಳಿಸಿಬಿಡಿ' ಅನ್ನುತ್ತಿದ್ದಾರೆ. ಅಲ್ಲಿ ಇಡೀ ದಿನ ಸರಪಳಿ ಹಾಕಿ ಕಟ್ಟಿಹಾಕುತ್ತಾರೆ, ನನಗೆ ಗೊತ್ತು. ನನಗೆ ಮನಸ್ಸಿಲ್ಲ.

ನಿಜವಾಗಲೂ ನಿಷೇಧ ಇದೆಯಾ? ಅಸೋಸಿಯೇಷನ್‌ನವರು ಹೀಗೆ ಹೇಳಬಹುದಾ? ಇನ್ನೊಂದು ವಿಷಯ, ನಮ್ಮ ಮನೆಯವರಿಗೆ ಚೆನ್ನೈಗೆ ವರ್ಗ ಆಗುವ ಸಾಧ್ಯತೆ ಇದೆ. ಅಲ್ಲಿಗೆ ಕರಿಯನನ್ನು ಕರೆದುಕೊಂಡು ಹೋಗಬಹುದಾ?


ಮಂಡ್ಯದ ವಕೀಲ

ನೇರವಾಗಿ ಹೇಳುತ್ತೇನೆ. ಕರ್ನಾಟಕದಲ್ಲಿ ಆ ಸುತ್ತೋಲೆ ಜಾರಿಯಲ್ಲಿಲ್ಲ. ನಿಮ್ಮ ಅಸೋಸಿಯೇಷನ್‌ನವರು ಹಿಡಿದುಕೊಂಡಿರುವುದು ರದ್ದಾದ ಕಾಗದ.

ಆಗಿದ್ದು ಇಷ್ಟು. ಇಂಥ ತಳಿಗಳನ್ನು ನಿಷೇಧಿಸಿ ಅಂತ ದೆಹಲಿ ಹೈಕೋರ್ಟಿಗೆ ಒಂದು ಅರ್ಜಿ ಹೋಗಿತ್ತು. ಮೂರು ತಿಂಗಳಲ್ಲಿ ತೀರ್ಮಾನ ಮಾಡಿ ಅಂತ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿತು. ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ 2024ರ ಮಾರ್ಚ್ 12ರಂದು ಎಲ್ಲ ರಾಜ್ಯಗಳಿಗೂ ಸುತ್ತೋಲೆ ಕಳಿಸಿತು. ಪಟ್ಟಿಯಲ್ಲಿರುವ ತಳಿಗಳನ್ನು ಮಾರಲು, ಮರಿ ಮಾಡಿಸಲು, ಸಾಕಲು ಲೈಸೆನ್ಸ್ ಕೊಡಬೇಡಿ, ಈಗಾಗಲೇ ಸಾಕಿರುವ ನಾಯಿಗಳಿಗೆ ಸಂತಾನಹರಣ ಮಾಡಿಸಿ ಅಂತ ಅದರಲ್ಲಿತ್ತು.

ಆ ಪಟ್ಟಿಯನ್ನು ಒಮ್ಮೆ ಕೂತು ಓದಿ. ತೋಸಾ ಇನು ಅಂತ ಒಂದು ಕಡೆ, ಜಪಾನೀಸ್ ತೋಸಾ ಅಂತ ಇನ್ನೊಂದು ಕಡೆ, ಎರಡೂ ಒಂದೇ ನಾಯಿ. ಬೋರ್‌ಬೋಲ್ ಕೂಡ ಹಾಗೆಯೇ, ಒಮ್ಮೆ ಅದೇ ಹೆಸರಿನಲ್ಲಿ, ಇನ್ನೊಮ್ಮೆ ಮ್ಯಾಸ್ಟಿಫ್ ಪಕ್ಕದ ಕಂಸದೊಳಗೆ. ನಡುವೆ 'ಟೆರಿಯರ್‌ಗಳು' ಅಂತ ಬರೀ ಒಂದು ಪದ. ಟೆರಿಯರ್ ಅಂದರೆ ತೊಡೆ ಮೇಲೆ ಕೂರಿಸಿಕೊಳ್ಳುವ ಯಾರ್ಕ್‌ಶೈರ್ ಟೆರಿಯರ್ ಕೂಡ ಬಂತು ತಾನೇ? ಟರ್ಕಿಯ ಕಂಗಾಲ್, ಅಕ್ಬಾಶ್, ಬಾಲ್ಕನ್ ಕಡೆಯ ಶಾರ್ಪ್ಲಾನಿನಾಕ್, ತೋರ್ನ್ಯಾಕ್ ಎಲ್ಲ ಇವೆ. ಇವು ಕುರಿಮಂದೆ ಕಾಯುವ ನಾಯಿಗಳು, ನಮ್ಮ ಬೀದಿಗಳಲ್ಲಿ ಇವನ್ನು ಕಂಡವರು ಎಷ್ಟು ಜನ? ಒಬ್ಬರ ಮನೆಯ ನಾಯಿ ಇರಬೇಕಾ ಹೋಗಬೇಕಾ ಅಂತ ತೀರ್ಮಾನಿಸುವ ಪಟ್ಟಿ ಇಷ್ಟು ಅಜಾಗರೂಕವಾಗಿರಬಾರದು.

ಬೆಂಗಳೂರಿನ ಒಬ್ಬರು ನಾಯಿ ಹ್ಯಾಂಡ್ಲರ್ ಮತ್ತು ಒಬ್ಬರು ರಾಟ್‌ವೈಲರ್ ಮಾಲೀಕರು ನಮ್ಮ ಹೈಕೋರ್ಟಿಗೆ ಹೋದರು. ಮಾರ್ಚ್ 19ಕ್ಕೆ ಕರ್ನಾಟಕದ ಮಟ್ಟಿಗೆ ತಡೆ ಸಿಕ್ಕಿತು. ಏಪ್ರಿಲ್ 10ಕ್ಕೆ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸುತ್ತೋಲೆಯನ್ನೇ ರದ್ದು ಮಾಡಿದರು. ಸಂಬಂಧಪಟ್ಟವರ ಮಾತು ಕೇಳಿಲ್ಲ, ತಜ್ಞರ ಸಮಿತಿ ಇರಬೇಕಾದ ಹಾಗೆ ಇರಲಿಲ್ಲ, ಕಾಯ್ದೆ ಮತ್ತು ನಿಯಮಗಳ ಕೈಯಲ್ಲಿ ಆಗದ್ದನ್ನು ಒಂದು ಸುತ್ತೋಲೆಯಿಂದ ಮಾಡಲು ಬರುವುದಿಲ್ಲ ಅನ್ನುವುದು ತೀರ್ಪಿನ ಸಾರ. ಎಲ್ಲರ ಮಾತು ಕೇಳಿ, ಕ್ರಮ ಪ್ರಕಾರ ಮತ್ತೆ ನಿಯಮ ಮಾಡಬಹುದು ಅಂತ ಬಾಗಿಲು ತೆರೆದಿಟ್ಟಿದೆ, ಅದನ್ನೂ ನೆನಪಿಡಿ.

ಅಸೋಸಿಯೇಷನ್ ವಿಷಯಕ್ಕೆ ಬಂದರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಬಹುಮತ ಇದ್ದರೂ ಸಾಕುನಾಯಿಯನ್ನು ನಿಷೇಧಿಸಲು ಬರುವುದಿಲ್ಲ, ದೊಡ್ಡ ನಾಯಿ ಅಂತ ಭೇದ ಮಾಡಲು ಬರುವುದಿಲ್ಲ, ಲಿಫ್ಟ್ ಬೇಡ ಅನ್ನಲು ಬರುವುದಿಲ್ಲ. ನೋಟಿಸ್‌ಗೆ ಬರವಣಿಗೆಯಲ್ಲೇ ಉತ್ತರ ಕೊಡಿ. ಹೈಕೋರ್ಟ್ ಆದೇಶದ ಪ್ರತಿ, ಲೈಸೆನ್ಸ್, ಇಂಜೆಕ್ಷನ್ ಕಾರ್ಡ್ ಲಗತ್ತಿಸಿ. ಮರ್ಯಾದೆಯಿಂದ ಬರೆಯಿರಿ, ನಾಳೆಯೂ ಅದೇ ಮೆಟ್ಟಿಲಿನಲ್ಲಿ ಅವರ ಮುಖ ನೋಡಬೇಕು.

ಚೆನ್ನೈ ಮಾತ್ರ ಕಷ್ಟ. ಕೇಂದ್ರದ ಸುತ್ತೋಲೆ ಬೇರೆ, ಆಯಾ ಊರಿನ ಕಾರ್ಪೊರೇಷನ್ ನಿಯಮ ಬೇರೆ. ಗಾಜಿಯಾಬಾದ್‌ನವರು 2022ರಲ್ಲೇ ಪಿಟ್‌ಬುಲ್, ರಾಟ್‌ವೈಲರ್, ಡೋಗೊ ಅರ್ಜೆಂಟಿನೊ ಮೂರನ್ನೂ ನಿಷೇಧಿಸಿದರು. ಚಂಡೀಗಢದವರು 2025ರಲ್ಲಿ ಆರು ತಳಿಗಳ ಪಟ್ಟಿ ಮಾಡಿದರು, ಅದರಲ್ಲೂ ರಾಟ್‌ವೈಲರ್ ಇದೆ. ಚೆನ್ನೈನಲ್ಲಿ 2024ರ ಮೇ ತಿಂಗಳಲ್ಲಿ ನುಂಗಂಬಾಕ್ಕಂನ ಪಾರ್ಕಿನಲ್ಲಿ ಐದು ವರ್ಷದ ಹುಡುಗಿಯ ಮೇಲೆ ಎರಡು ರಾಟ್‌ವೈಲರ್‌ಗಳು ಎರಗಿದ ಮೇಲೆ ಈ ಚರ್ಚೆ ಜೋರಾಯಿತು. 2025ರ ಡಿಸೆಂಬರ್‌ನಲ್ಲಿ ಅಲ್ಲಿನ ಕಾರ್ಪೊರೇಷನ್ ಪಿಟ್‌ಬುಲ್ ಮತ್ತು ರಾಟ್‌ವೈಲರ್‌ಗಳಿಗೆ ಹೊಸ ಲೈಸೆನ್ಸ್ ಕೊಡುವುದಿಲ್ಲ ಅಂತ ನಿರ್ಣಯ ಮಾಡಿತು. ನೀವು ಅಲ್ಲಿಗೆ ಹೋದರೆ ಹೊಸಬರು. ಬೆಂಗಳೂರಿನ ಲೈಸೆನ್ಸ್ ತೋರಿಸಿದರೆ ಆಗುತ್ತದೆ ಅಂದುಕೊಳ್ಳಬೇಡಿ.


ಎರಡು ಮಕ್ಕಳ ತಾಯಿ

ವಕೀಲರು ಕಾನೂನು ಹೇಳಿದರು, ಸರಿ. ನನ್ನದೂ ಸ್ವಲ್ಪ ಕೇಳಿ.

ನನ್ನ ತಂಗಿಯ ಮಗನಿಗೆ ಆರು ವರ್ಷ ಇದ್ದಾಗ ಪಾರ್ಕಿನಲ್ಲಿ ಒಂದು ಪಿಟ್‌ಬುಲ್ ಕ್ರಾಸ್ ನಾಯಿ ಕೆನ್ನೆಗೆ ಬಾಯಿ ಹಾಕಿತು. ನಾಯಿಯನ್ನು ಹಿಡಿದುಕೊಂಡಿದ್ದದ್ದು ಮನೆಕೆಲಸದ ಹುಡುಗ, ಹದಿನಾರು ಹದಿನೇಳು ವರ್ಷ ಇರಬೇಕು, ಅವನನ್ನೇ ಅದು ಎಳೆದುಕೊಂಡು ಹೋಯಿತು. ಮುಖಕ್ಕೆ ಆದ ಗಾಯ, ಹಾಗಾಗಿ ಬರೀ ರೇಬೀಸ್ ಇಂಜೆಕ್ಷನ್ ಸಾಲದು, ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಕೂಡ ಗಾಯದ ಸುತ್ತಲೇ ಕೊಡಬೇಕು ಅಂದರು. ಆ ಮಗು ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾಯಿ ಮಾಲೀಕರು ಆಸ್ಪತ್ರೆಗೆ ಬಂದು ಹೇಳಿದ ಮೊದಲ ಮಾತು 'ನಮ್ಮವನು ಯಾವತ್ತೂ ಹೀಗೆ ಮಾಡಿದವನಲ್ಲ ಮೇಡಂ'.

ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾವತ್ತೂ ಕಚ್ಚಿಲ್ಲ ಅನ್ನುವುದು ಮೊದಲ ಸಲ ಕಚ್ಚುವ ತನಕ ಎಲ್ಲ ನಾಯಿಗೂ ನಿಜ. ಪೊಮೆರೇನಿಯನ್ ಕಚ್ಚಿದರೆ ಬ್ಯಾಂಡೇಜ್, ಇವು ಕಚ್ಚಿದರೆ ಪ್ಲಾಸ್ಟಿಕ್ ಸರ್ಜರಿ. ದಾವಣಗೆರೆ ಹತ್ತಿರ 2025ರ ಡಿಸೆಂಬರ್‌ನಲ್ಲಿ ಎರಡು ರಾಟ್‌ವೈಲರ್‌ಗಳು ದಾಳಿ ಮಾಡಿ ಒಬ್ಬ ಮಹಿಳೆ ತೀರಿಕೊಂಡರಲ್ಲ, ಆ ಮನೆಯವರ ಮುಂದೆ ಹೋಗಿ ತಳಿಯದ್ದೇನೂ ತಪ್ಪಿಲ್ಲ ಅಂತ ಹೇಳಲು ಆಗುತ್ತದಾ? ಲಕ್ನೋದಲ್ಲಿ 2022ರಲ್ಲಿ ವಯಸ್ಸಾದ ತಾಯಿಯನ್ನು ಸ್ವಂತ ಮನೆಯ ಪಿಟ್‌ಬುಲ್ಲೇ ಕೊಂದಿತು.

ಸುತ್ತೋಲೆ ರದ್ದಾಯಿತು, ಒಪ್ಪಿದೆ. ಅದರ ಬದಲಿಗೆ ಏನು ಬಂತು? ನಮ್ಮ ಮಕ್ಕಳಿಗೆ ರಕ್ಷಣೆ ಏನಿದೆ ಈಗ? ಈ ಪ್ರಶ್ನೆಗೆ ನಾಯಿ ಸಾಕುವವರು ಯಾರೂ ಉತ್ತರ ಕೊಡುವುದಿಲ್ಲ. ಕರಿಯನ ಮನೆಯವರೇ, ನಿಮ್ಮ ಮೇಲೆ ನನಗೆ ಕೋಪ ಇಲ್ಲ, ಆದರೆ ನಿಮ್ಮ ನೆರೆಯವರು ಕೆಟ್ಟವರಲ್ಲ ಅನ್ನುವುದೂ ನಿಮ್ಮ ಮನಸ್ಸಿನಲ್ಲಿರಲಿ.


ಲೀಡ್ಸ್ ಕನ್ನಡಿಗ

ಮೇಡಂ ಕೇಳಿದ್ದು ಸರಿಯಾದ ಪ್ರಶ್ನೆ. ಇಲ್ಲಿ ಇಂಗ್ಲೆಂಡಿನಲ್ಲಿ ಏನಾಗಿದೆ ಹೇಳುತ್ತೇನೆ.

ಇಲ್ಲಿ 1991ರಿಂದಲೇ ಅಪಾಯಕಾರಿ ನಾಯಿಗಳ ಕಾಯ್ದೆ ಇದೆ. ಪಿಟ್‌ಬುಲ್ ಟೆರಿಯರ್, ಜಪಾನೀಸ್ ತೋಸಾ, ಡೋಗೊ ಅರ್ಜೆಂಟಿನೊ, ಫಿಲಾ ಬ್ರೆಸಿಲೀರೊ ಈ ನಾಲ್ಕಕ್ಕೂ ನಿಷೇಧ. ಮೂವತ್ತು ವರ್ಷ ಆದ ಮೇಲೂ ಜನ ನಾಯಿ ಕಚ್ಚಿ ಸಾಯುತ್ತಲೇ ಇದ್ದರು. ಯಾಕೆಂದರೆ ಪಟ್ಟಿಯ ಹೊರಗೆ ಹೊಸ ನಾಯಿ ಬಂತು, ಎಕ್ಸ್‌ಎಲ್ ಬುಲ್ಲಿ. ಇದು ಇಲ್ಲಿನ ಕೆನಲ್ ಕ್ಲಬ್ (ನಾಯಿ ತಳಿಗಳನ್ನು ನೋಂದಾಯಿಸುವ ಸಂಸ್ಥೆ) ಗುರುತಿಸಿದ ತಳಿಯೇ ಅಲ್ಲ. ಅದನ್ನೂ ಪಟ್ಟಿಗೆ ಸೇರಿಸಿದರು. 2023ರ ಡಿಸೆಂಬರ್ 31ರಿಂದ ಮಾರುವುದು, ಮರಿ ಮಾಡಿಸುವುದು, ಬಿಟ್ಟುಹೋಗುವುದು ಅಪರಾಧ. 2024ರ ಫೆಬ್ರವರಿ 1ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ವಿನಾಯಿತಿ ಪತ್ರ ಇಲ್ಲದೆ ಸಾಕುವುದೇ ಅಪರಾಧ.

ತಮಾಷೆಯಲ್ಲ, ಇಲ್ಲಿ ಟೇಪು ಹಿಡಿದು ಅಳೆಯುತ್ತಾರೆ. ಗಂಡು ನಾಯಿ ಭುಜದ ಹತ್ತಿರ 20 ಇಂಚು, ಹೆಣ್ಣು 19 ಇಂಚು ಎತ್ತರ ಇದ್ದು, ತಲೆ, ಎದೆ, ದವಡೆ ಹೀಗ್ಹೀಗೆ ಇದ್ದರೆ ಅದು ಬುಲ್ಲಿ. ಅಪ್ಪ ಅಮ್ಮ ಯಾವ ತಳಿ ಅನ್ನುವುದು ಲೆಕ್ಕಕ್ಕಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರ ನಾಯಿ ಬೆಳೆಯುತ್ತಾ ಇದ್ದಾಗ ಅವರು ಪ್ರತಿ ತಿಂಗಳೂ ಗೋಡೆಗೆ ನಿಲ್ಲಿಸಿ ಗುರುತು ಹಾಕುತ್ತಿದ್ದರು, ಪಾಪ.

ಆದರೆ ಒಂದು ವಿಷಯ ಇಲ್ಲಿ ಚೆನ್ನಾಗಿದೆ. ವಿನಾಯಿತಿ ಬೇಕಾದರೆ 92.40 ಪೌಂಡ್ ಕಟ್ಟಬೇಕು, ಮೈಕ್ರೋಚಿಪ್, ಸಂತಾನಹರಣ ಆಗಿರಬೇಕು, ಬೇರೆಯವರಿಗೆ ಗಾಯವಾದರೆ ಪರಿಹಾರ ಕೊಡುವ ಇನ್ಶೂರೆನ್ಸ್ ಇರಬೇಕು, ಹೊರಗೆ ಬಂದರೆ ಬೆಲ್ಟು ಮತ್ತು ಬಾಯಿಗೆ ಮಝಲ್ (ಕಚ್ಚದಂತೆ ಹಾಕುವ ಮೂತಿ ಕವಚ) ಕಡ್ಡಾಯ, ಹಿಡಿದುಕೊಳ್ಳುವವರಿಗೆ 16 ವರ್ಷ ತುಂಬಿರಬೇಕು. ಮತ್ತೆ ಅದೇ ಕಾಯ್ದೆಯ ಮೂರನೇ ಸೆಕ್ಷನ್ ಪ್ರಕಾರ ಯಾವ ತಳಿಯ ನಾಯಿಯೇ ಆಗಲಿ, ಲ್ಯಾಬ್ರಡಾರ್ ಆದರೂ ಸರಿ, ಹತೋಟಿ ತಪ್ಪಿ ಯಾರನ್ನಾದರೂ ಕೊಂದರೆ ಮಾಲೀಕರಿಗೆ 14 ವರ್ಷದ ತನಕ ಜೈಲು. ಗಾಯವಾದರೆ 5 ವರ್ಷದ ತನಕ. ನಮ್ಮ ದೇಶಕ್ಕೆ ತರಬೇಕಾದ್ದು ಈ ಭಾಗ. ಪಟ್ಟಿಯನ್ನಲ್ಲ. ಅಮೆರಿಕದ ಡೆನ್ವರ್ ಊರಿನವರು 1989ರಿಂದ ಇದ್ದ ಪಿಟ್‌ಬುಲ್ ನಿಷೇಧವನ್ನು 2020ರಲ್ಲಿ ಮತ ಹಾಕಿ ತೆಗೆದು ಪರ್ಮಿಟ್ ಪದ್ಧತಿ ತಂದರು. ನೆದರ್‌ಲ್ಯಾಂಡ್ಸ್‌ನವರು 2008ರಲ್ಲೇ ಕೈಬಿಟ್ಟರು.


ಧಾರವಾಡದ ಪಶುವೈದ್ಯ

ನಾನು ದಿನಾ ನಾಯಿ ನೋಡುವವನು. ಮೇಡಂ ಹೇಳಿದ ಹಾಗೆ ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ಆಳ, ಇದರಲ್ಲಿ ವಾದ ಇಲ್ಲ. ಅದಕ್ಕೇ ಇಂಥ ನಾಯಿ ಸಾಕುವವರ ಮೇಲೆ ಹೊರೆ ಜಾಸ್ತಿ ಇರಬೇಕು ಅನ್ನುವವನು ನಾನು.

ಆದರೆ ದಾವಣಗೆರೆಯ ಪ್ರಕರಣ ಪೂರ್ತಿ ನೋಡಿ ಮೇಡಂ. ಅವು ಯಾರೋ ತಂದು ಬಿಟ್ಟುಹೋದ ನಾಯಿಗಳು. ಮನೆಯಲ್ಲಿ ಬೆಳೆದ ಕಾವಲು ನಾಯಿಯನ್ನು ಗುರುತಿಲ್ಲದ ಜಾಗದಲ್ಲಿ ರಾತ್ರೋರಾತ್ರಿ ಬಿಟ್ಟರೆ ಅದು ಹಸಿದು, ಬೆದರಿ, ಎದುರಿಗೆ ಸಿಕ್ಕವರ ಮೇಲೆ ಎರಗುತ್ತದೆ. 2024ರಲ್ಲಿ ಸುತ್ತೋಲೆ ಬಂದಾಗ ನಮ್ಮ ಕ್ಲಿನಿಕ್ಕಿಗೆ ಬಂದ ಫೋನುಗಳೆಲ್ಲ ಒಂದೇ ಬಗೆ. 'ಡಾಕ್ಟ್ರೇ, ಪೊಲೀಸರು ಬರ್ತಾರಂತೆ, ಇದನ್ನ ಎಲ್ಲಾದರೂ ಬಿಡಬಹುದಾ?' ಹೆದರಿಸಿ ಹೊರಗೆ ಹಾಕಿಸುವ ನೋಟಿಸ್‌ನಿಂದ ಹುಟ್ಟುವುದು ಇಂಥ ಬಿಡಾಡಿ ನಾಯಿಗಳು. 'ಹದಿನೈದು ದಿನದಲ್ಲಿ ಸಾಗಿಸಿ' ಅಂದರೆ ಎಲ್ಲಿಗೆ ಸಾಗಿಸುತ್ತಾರೆ? ಇನ್ನೊಬ್ಬರ ಊರಿಗೆ, ಇನ್ನೊಬ್ಬರ ಮಕ್ಕಳ ನಡುವೆ. ಸಾಕಿದ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಕುಣಿಗಲ್ ತೋಟದ ವಿಷಯಕ್ಕೆ ನನ್ನದು ಖಂಡಿತ ಬೇಡ ಅನ್ನುವ ಉತ್ತರ. ಮೂರು ವರ್ಷ ಸೋಫಾ ಪಕ್ಕದಲ್ಲಿ ಮಲಗಿದ ನಾಯಿಯನ್ನು ಮರಕ್ಕೆ ಕಟ್ಟಿಹಾಕಿದರೆ ಕೆಲವು ತಿಂಗಳಲ್ಲಿ ಅದರ ಸ್ವಭಾವವೇ ತಿರುಗುತ್ತದೆ. ಕಟ್ಟಿದ ನಾಯಿಗೆ ಓಡಿಹೋಗುವ ದಾರಿ ಇಲ್ಲ, ಹಾಗಾಗಿ ಹತ್ತಿರ ಬಂದವರನ್ನೆಲ್ಲ ಹೆದರಿಸಲು ಕಲಿಯುತ್ತದೆ. ಒಂದು ದಿನ ಸರಪಳಿ ಕಿತ್ತರೆ ಆಯಿತು.

ಮಝಲ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಹತ್ತಕ್ಕೆ ಒಂಬತ್ತು ಜನ ತಪ್ಪಾದದ್ದನ್ನು ತರುತ್ತಾರೆ. ಅಂಗಡಿಯಲ್ಲಿ ನೈಲಾನ್ ಬಟ್ಟೆಯ ಕೊಳವೆಯಂಥದ್ದು ಸಿಗುತ್ತದೆ, ಬಾಯನ್ನು ಬಿಗಿದು ಮುಚ್ಚುವಂಥದ್ದು. ಅದನ್ನು ವಾಕಿಂಗ್‌ಗೆ ಹಾಕಬೇಡಿ. ನಾಯಿ ಮೈ ತಂಪು ಮಾಡಿಕೊಳ್ಳುವುದು ಬಾಯಿ ತೆರೆದು ನಾಲಿಗೆ ಚಾಚಿ ಏದುಸಿರು ಬಿಟ್ಟು. ಬಾಯಿ ಕಟ್ಟಿದರೆ ಏಪ್ರಿಲ್ ಬಿಸಿಲಿನಲ್ಲಿ ಕರಿಯನಂಥ ಕಪ್ಪು ನಾಯಿ ಕುಸಿದುಬಿಡುತ್ತದೆ. ಬುಟ್ಟಿಯಾಕಾರದ ಮಝಲ್ ತೆಗೆದುಕೊಳ್ಳಿ. ಒಳಗೆ ಬಾಯಿ ಪೂರ್ತಿ ತೆರೆಯಲು ಆಗಬೇಕು, ನೀರು ಕುಡಿಯಲು ಆಗಬೇಕು. ಮೂಗಿನ ತುದಿ ತಂತಿಗೆ ತಾಗಬಾರದು. ಮೊದಲ ದಿನವೇ ಹಾಕಿ ಕಟ್ಟಬೇಡಿ. ಬುಟ್ಟಿಯ ತಳಕ್ಕೆ ಸ್ವಲ್ಪ ಗಟ್ಟಿ ಮೊಸರು ಸವರಿ ಕೈಯಲ್ಲಿ ಹಿಡಿದುಕೊಳ್ಳಿ, ಅವನೇ ಮೂತಿ ತೂರಿಸಿ ನೆಕ್ಕಲಿ. ಹಾಗೆ ಕೆಲವು ದಿನ ಬಿಟ್ಟು ಆಮೇಲೆ ಹಿಂದಿನ ಪಟ್ಟಿ ಹಾಕಿ, ಕ್ಷಣ ಬಿಟ್ಟು ತೆಗೆಯಿರಿ. ಆಮೇಲೆ ನೀವು ಮಝಲ್ ಎತ್ತಿಕೊಂಡರೆ ಸಾಕು, ಅವನೇ ಬಾಲ ಅಲ್ಲಾಡಿಸಿಕೊಂಡು ಬರುತ್ತಾನೆ.

ಕಾನೂನು ಕಡ್ಡಾಯ ಮಾಡದಿದ್ದರೂ ಲಿಫ್ಟಿನಲ್ಲಿ ಮಝಲ್ ಹಾಕಿ. ಕೆಲಸದವರ ಕೈಗೆ, ಮಕ್ಕಳ ಕೈಗೆ ಬೆಲ್ಟು ಕೊಡಬೇಡಿ, ನಿಮ್ಮ ತೂಕಕ್ಕಿಂತ ಹೆಚ್ಚು ಎಳೆಯುವ ನಾಯಿ ಅದು. ಯಾರಾದರೂ ಎದುರು ಬಂದಾಗ ಅವನ ಮೈ ಬಿಗಿಯಾಗಿ, ಬಾಯಿ ಮುಚ್ಚಿ, ನೆಟ್ಟ ನೋಟ ಬಂದರೆ ಅದು ಎಚ್ಚರಿಕೆ. ಬೊಗಳುವ ನಾಯಿಗಿಂತ ಹಾಗೆ ಸುಮ್ಮನಾದ ನಾಯಿಯನ್ನು ಜಾಸ್ತಿ ಗಮನಿಸಬೇಕು.


ಎರಡು ಮಕ್ಕಳ ತಾಯಿ

ಡಾಕ್ಟ್ರೇ, ನೀವು ಹೇಳಿದ್ದು ಸಮಾಧಾನ ತಂದಿತು. ಎಲ್ಲರೂ ಹೀಗೆ ಮಾಡಿದರೆ ನಾನು ನಿಷೇಧ ಕೇಳುವುದೇ ಇಲ್ಲ. ಆದರೆ 'ಹಾಕಿ' ಅನ್ನುವುದು ಸಲಹೆ, ಒಳ್ಳೆಯವರು ಮಾತ್ರ ಕೇಳುತ್ತಾರೆ. ಆ ಹುಡುಗನ ಕೈಗೆ ಪಿಟ್‌ಬುಲ್ ಕೊಟ್ಟು ಕಳಿಸಿದಂಥವರು ಈ ಚರ್ಚೆ ಓದುವುದಿಲ್ಲ. ಅವರಿಗೆ ಲೈಸೆನ್ಸೇ ಸಿಗಬಾರದು. ಲೀಡ್ಸ್‌ನವರು ಹೇಳಿದ ಇನ್ಶೂರೆನ್ಸ್ ಇಲ್ಲೂ ಕಡ್ಡಾಯ ಆಗಬೇಕು. ತಂಗಿ ಆಸ್ಪತ್ರೆ ಖರ್ಚನ್ನೆಲ್ಲ ಕೈಯಿಂದಲೇ ಕಟ್ಟಿದಳು.


ಮಂಡ್ಯದ ವಕೀಲ

ಮೇಡಂ, ಕಾನೂನು ಪೂರ್ತಿ ಖಾಲಿ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ. ತನ್ನ ಪ್ರಾಣಿಯಿಂದ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದರೆ ಆರು ತಿಂಗಳ ತನಕ ಜೈಲು, 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಹಳೆಯ ಐಪಿಸಿಯಲ್ಲಿ ಇದೇ 289 ಆಗಿತ್ತು, ದಂಡ ಬರೀ 1,000. ಪರಿಹಾರಕ್ಕೆ ಸಿವಿಲ್ ಕೋರ್ಟಿಗೂ ಹೋಗಬಹುದು. ನೀವು ಹೇಳಿದ ಹಾಗೆ ಇದು ಸಾಲದು. ಒಂದು ಮಗುವಿನ ಮುಖ ಹರಿದದ್ದಕ್ಕೆ 5,000 ರೂಪಾಯಿ ಯಾವ ಲೆಕ್ಕ? ಮತ್ತೆ ಇದೆಲ್ಲ ಕಚ್ಚಿದ ಮೇಲಿನ ಮಾತು. ಕಚ್ಚುವ ಮೊದಲು ನೋಡಬೇಕಾದ್ದು ಲೈಸೆನ್ಸ್ ಹಂತದಲ್ಲಿ. ಈಗ ಲೈಸೆನ್ಸ್ ಅಂದರೆ ಇಂಜೆಕ್ಷನ್ ಕಾರ್ಡ್ ನೋಡಿ ಹಣ ಕಟ್ಟಿಸಿಕೊಳ್ಳುವುದಷ್ಟೇ ಆಗಿದೆ. ಮನೆ ಹೇಗಿದೆ, ನಾಯಿಯನ್ನು ಹಿಡಿಯುವವರು ಯಾರು, ಅದಕ್ಕೆ ತರಬೇತಿ ಆಗಿದೆಯಾ ಅಂತ ಕೇಳುವವರು ಬೇಕು. ಬೆಂಗಳೂರಿನಲ್ಲಿ 2018ರಲ್ಲಿ ಒಂದು ಬೈಲಾ ತಂದಿದ್ದರು, ಫ್ಲ್ಯಾಟಿಗೆ ಒಂದು ನಾಯಿ, ಬಿಡಿ ಮನೆಗೆ ಮೂರು, ಇಂತಿಂಥ ತಳಿ ಮಾತ್ರ ಅಂತ. ವಿರೋಧ ಬಂದು ಅದು ನಿಂತುಹೋಯಿತು. ಅಲ್ಲೂ ಎಣಿಸಿದ್ದು ನಾಯಿಗಳನ್ನು, ನೋಡಬೇಕಾದ್ದು ಮಾಲೀಕರನ್ನು.


ಕರಿಯನ ಮನೆಯವರು, ಬೆಂಗಳೂರು

ಎಲ್ಲರಿಗೂ ತುಂಬಾ ಧನ್ಯವಾದ. ಮೇಡಂ, ನಿಮ್ಮ ತಂಗಿಯ ಮಗನ ಬಗ್ಗೆ ಓದಿ ತುಂಬಾ ಸಂಕಟವಾಯಿತು.

ಭಾನುವಾರ ಅಸೋಸಿಯೇಷನ್ ಮೀಟಿಂಗ್ ಇದೆ. ಹೈಕೋರ್ಟ್ ಆದೇಶದ ಪ್ರತಿ ತೆಗೆದುಕೊಂಡು ಹೋಗುತ್ತೇನೆ, ಆದರೆ ಅದನ್ನು ಮೊದಲು ತೋರಿಸುವುದಿಲ್ಲ. ಮೊದಲು ನಮ್ಮ ಕಡೆಯಿಂದ ಬರೆದು ಕೊಡುತ್ತೇನೆ. ಮನೆ ಬಾಗಿಲು ದಾಟಿದರೆ ಬುಟ್ಟಿ ಮಝಲ್ ಮತ್ತು ಬೆಲ್ಟು, ಹಿಡಿಯುವುದು ನಾನು ಅಥವಾ ನಮ್ಮ ಮನೆಯವರು ಮಾತ್ರ, ಲಿಫ್ಟಿನಲ್ಲಿ ಬೇರೆಯವರಿದ್ದರೆ ನಾವು ಕಾಯುತ್ತೇವೆ, ಸ್ಕೂಲ್ ಬಸ್ ಬರುವ ಹೊತ್ತಿಗೆ ಕೆಳಗೆ ಇಳಿಸುವುದಿಲ್ಲ. ಸಂತಾನಹರಣಕ್ಕೂ ನಮ್ಮ ಡಾಕ್ಟರ ಹತ್ತಿರ ಮಾತಾಡಿದೆ. ಬೇರೆಯವರಿಗೆ ಗಾಯವಾದರೆ ಖರ್ಚು ಕೊಡುವ ನಾಯಿ ಇನ್ಶೂರೆನ್ಸ್ ಇಲ್ಲಿ ಸಿಗುತ್ತದೆಯಾ ಅಂತಲೂ ವಿಚಾರಿಸುತ್ತಿದ್ದೇನೆ, ಸಿಕ್ಕರೆ ಅದರ ಪ್ರತಿಯನ್ನೂ ಆಫೀಸಿನಲ್ಲಿ ಇಡುತ್ತೇನೆ. ಕುಣಿಗಲ್ ಮಾತು ಮುಗಿಯಿತು, ಡಾಕ್ಟರು ಬರೆದದ್ದನ್ನು ಅತ್ತೆಯವರಿಗೆ ಓದಿ ಹೇಳಿದೆ, 'ಹಾಗಾದರೆ ಬೇಡಮ್ಮ' ಅಂದರು.

ಚೆನ್ನೈ ಬಗ್ಗೆ ಒಂದೇ ಪ್ರಶ್ನೆ ಉಳಿದಿದೆ. ವರ್ಗ ಖಚಿತವಾದರೆ ಮೊದಲು ಯಾರನ್ನು ಕೇಳಬೇಕು?


ಮಂಡ್ಯದ ವಕೀಲ

ಚೆನ್ನೈ ಕಾರ್ಪೊರೇಷನ್‌ನ ಪಶುವೈದ್ಯ ವಿಭಾಗಕ್ಕೆ ಪತ್ರ ಬರೆದು ಕೇಳಿ, ಫೋನಿನಲ್ಲಿ ಬೇಡ. ಬೇರೆ ರಾಜ್ಯದ ಲೈಸೆನ್ಸ್ ಇರುವ, ನಿರ್ಣಯಕ್ಕೂ ಮೊದಲೇ ಸಾಕಿದ ರಾಟ್‌ವೈಲರ್‌ಗೆ ನಿಯಮ ಏನು ಅಂತ ಇಷ್ಟೇ ಕೇಳಿ, ಕರಿಯನ ಇಂಜೆಕ್ಷನ್ ಕಾರ್ಡ್ ಮತ್ತು ಸಂತಾನಹರಣದ ಸರ್ಟಿಫಿಕೇಟ್ ಜೊತೆಗೆ ಇಡಿ. ಉತ್ತರ ಕೈಗೆ ಬರುವ ತನಕ ಅಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡಬೇಡಿ. ಚೆನ್ನೈ ನಗರದ ಗಡಿಯ ಹೊರಗೆ ಮನೆ ಮಾಡುವುದಾದರೆ ಅಲ್ಲಿನ ಸ್ಥಳೀಯ ಸಂಸ್ಥೆಯೇ ಬೇರೆ, ಅವರನ್ನೂ ಬೇರೆಯಾಗಿ ಕೇಳಬೇಕು.